ಗಾಡಿ ಹೊರಟಿತು, ಕಾರಣ ಸಿಕ್ಕಿತೆ?

ಯಂತ್ರವೊಂದು ನಿಂತುಹೋಗುತ್ತದೆ. ಅದರ ಒಂದು ಭಾಗವನ್ನು ಬದಲಾಯಿಸುತ್ತೇವೆ. ಯಂತ್ರ ಮತ್ತೆ ನಡೆಯುತ್ತದೆ. ಹಾಗಾದರೆ ಕೆಟ್ಟಿದ್ದುದು ಆ ಭಾಗವೇ ಎಂದು ಹೇಳಿಬಿಡಬಹುದೆ? ಹತ್ತು ಜನರನ್ನು ಕೇಳಿದರೆ ಒಂಬತ್ತು ಜನ ‘ಅದರಲ್ಲಿ ಸಂಶಯವೇನು?’ ಎಂದಾರು. ಹತ್ತನೆಯವನು ಸ್ವಲ್ಪ ತರ್ಕಶಾಸ್ತ್ರ ಓದಿದವನಾಗಿದ್ದರೆ ತಡವರಿಸಬಹುದು. ಆ ತಡವರಿಕೆ ಬರಿಯ ಪಾಂಡಿತ್ಯದ ಚಾಪಲ್ಯವಲ್ಲ, ಅದರೊಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ ಎಂಬುದು ನನ್ನ ಅಭಿಪ್ರಾಯ. ‘ಕಾರಣ ಸಿಕ್ಕಿತು’ ಎಂದು ಹೇಳಿ ಹಣ ಪಡೆಯುವವನಿಗೆ, ಅಥವಾ ‘ಇವನೇ ಕಾರಣ’ ಎಂದು ಇನ್ನೊಬ್ಬನ ಮೇಲೆ ದೋಷ ಹೊರಿಸುವವನಿಗೆ, ಅದು ನಿಜವೇ ಎಂದು ಪರೀಕ್ಷಿಸಿ ನೋಡುವ ಹೊಣೆ ಇದೆಯೆ? ಅದೂ ಪರೀಕ್ಷೆಯ ಫಲ ತನಗೇ ನಷ್ಟ ತರುವಂತಿದ್ದಾಗ?

ಇಂಥ ಪ್ರಶ್ನೆಯನ್ನು ಗಾಳಿಯಲ್ಲಿ ತೂಗಾಡಲು ಬಿಟ್ಟರೆ ಪ್ರಯೋಜನವಿಲ್ಲ. ಒಂದು ಯಂತ್ರವನ್ನೇ ಎದುರಿಗಿಟ್ಟುಕೊಂಡು ನೋಡೋಣ. ನಾನು ಆರಿಸಿಕೊಂಡಿರುವುದು ಫ್ಯುಯೆಲ್ ಇಂಜೆಕ್ಷನ್ ಇರುವ ಎರಡು ಸ್ಟ್ರೋಕಿನ ಡರ್ಟ್ ಬೈಕನ್ನು. ಎಂದರೆ ರಸ್ತೆಗಾಗಿ ಅಲ್ಲದೆ ಮಣ್ಣು, ಕಲ್ಲು, ಹಳ್ಳ, ಗುಡ್ಡಗಳಿಗೆಂದೇ ಮಾಡಿದ ಮೋಟಾರ್ ಸೈಕಲ್ಲನ್ನು. ಸಂಸಾರಸ್ಥರಾದ ನಮಗೆ ಇದರ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಬೈಕು ಹೊಸದಾದರೂ ಎರಡು ಸ್ಟ್ರೋಕಿನ ಎಂಜಿನ್ನು ನಮ್ಮಲ್ಲಿ ಯಾರಿಗೂ ಅಪರಿಚಿತವಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳು ಎರಡು ಸ್ಟ್ರೋಕಿನವೇ. ನಮ್ಮ ಹಿರಿಯರ ಬಜಾಜ್ ಸ್ಕೂಟರೂ ಬಹುಕಾಲ ಅದೇ ಜಾತಿಯದು. ಬಿಳಿ ಅಂಗಿ ತೊಟ್ಟ ಗೃಹಸ್ಥರು ಆಫೀಸಿಗೆ ಹೊರಡುವ ಅವಸರದಲ್ಲಿ ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ, ಕಿಕ್ ಹೊಡೆಯುತ್ತಿದ್ದ ದೃಶ್ಯವನ್ನು ಪುಣೆ, ಮುಂಬಯಿ, ಹೈದರಾಬಾದುಗಳ ಯಾವ ವಠಾರ ಕಂಡಿಲ್ಲ?

ಆ ಕಾಲದ ಎಂಜಿನ್ನಿನ ರೋಗ ಕಣ್ಣಿಗೆ ಕಾಣುತ್ತಿತ್ತು. ಪೆಟ್ರೋಲು ಟ್ಯಾಂಕಿನಿಂದ ತನ್ನ ಭಾರದಿಂದಲೇ ಇಳಿದು ಕಾರ್ಬುರೇಟರಿನ ಪುಟ್ಟ ಬಟ್ಟಲು ಸೇರುವುದು. ಅಲ್ಲಿಂದ ಜೆಟ್ಟಿನ ಸೂಜಿಮೊನೆಯಷ್ಟು ತೂತಿನ ಮೂಲಕ ಗಾಳಿಯ ಸೆಳೆತಕ್ಕೆ ಸಿಕ್ಕಿ ಎಂಜಿನ್ನಿನೊಳಕ್ಕೆ ಹೋಗುವುದು. ಗಾಡಿ ಹೊರಡದಿದ್ದರೆ ಪ್ಲಗ್ ಬಿಚ್ಚಿ ನೋಡುತ್ತಿದ್ದರು. ಒದ್ದೆಯಾಗಿ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗೆ ಸುಟ್ಟಂತಿದ್ದರೆ ಕಡಿಮೆ, ಕಾಫಿಪುಡಿಯ ಬಣ್ಣವಿದ್ದರೆ ಸರಿ. ಜೆಟ್ಟಿನಲ್ಲಿ ಕಸ ಸಿಕ್ಕಿದ್ದರೆ ಬಾಯಿಂದ ಊದಿದರೂ ಆಗುತ್ತಿತ್ತು. ಊದಿದ ಮೇಲೆ ಹೊರಬಿದ್ದ ಕಸ ಅಂಗೈ ಮೇಲೆ ಕಾಣುತ್ತಿತ್ತು. ಅಪರಾಧಿ ಕೈಗೆ ಸಿಕ್ಕ ಮೇಲೆ ಸಾಕ್ಷಿ, ವಿಚಾರಣೆ ಯಾವುದೂ ಬೇಕಿರಲಿಲ್ಲ.

ಇಂಜೆಕ್ಷನ್ನಿನ ಕಥೆ ಬೇರೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಇದನ್ನು ಅಳವಡಿಸುವುದು ಅಷ್ಟು ಕಷ್ಟವಾಗಲಿಲ್ಲ. ಎರಡು ಸ್ಟ್ರೋಕು ಹಟಮಾರಿ. ಕಾರಣ ಸರಳವಾದ ಲೆಕ್ಕ. ನಿಮಿಷಕ್ಕೆ 9000 ಸುತ್ತು ತಿರುಗುವ ಎಂಜಿನ್ನು ಸೆಕೆಂಡಿಗೆ 150 ಸುತ್ತು ತಿರುಗುತ್ತದೆ. ನಾಲ್ಕು ಸ್ಟ್ರೋಕಿನದು ಎರಡು ಸುತ್ತಿಗೊಮ್ಮೆ ಸಿಡಿದರೆ, ಎರಡು ಸ್ಟ್ರೋಕಿನದು ಪ್ರತಿ ಸುತ್ತಿಗೂ ಸಿಡಿಯಬೇಕು. ಎಂದರೆ ಪ್ರತಿ ಸಿಡಿತಕ್ಕೂ ಸಿಗುವ ಕಾಲ ಏಳು ಮಿಲಿಸೆಕೆಂಡಿಗಿಂತ ಕಡಿಮೆ. ಅಷ್ಟರೊಳಗೆ ಹಳೆಯ ಹೊಗೆ ಹೊರಗೆ ಹೋಗಬೇಕು, ಹೊಸ ಗಾಳಿ ಒಳಗೆ ಬರಬೇಕು, ಪೆಟ್ರೋಲು ತೂಕ ಹಾಕಿದಂತೆ ಬೀಳಬೇಕು. ಇಟಲಿಯ ಬಿಮೋಟಾ ಕಂಪನಿ 1997ರಲ್ಲಿ 500 ಸಿ.ಸಿ.ಯ ವಿ-ಡ್ಯೂಎ ಎಂಬ ರಸ್ತೆ ಬೈಕಿನಲ್ಲಿ ಈ ಸಾಹಸ ಮಾಡಿ ಕೈ ಸುಟ್ಟುಕೊಂಡಿತು. ಇಂಜೆಕ್ಷನ್ ಹದಕ್ಕೆ ಬರಲಿಲ್ಲ. ಮಾರಿದ ಗಾಡಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಕೊನೆಗೆ ಅದೇ ಗಾಡಿಗೆ ಕಾರ್ಬುರೇಟರು ಕೂಡಿಸಬೇಕಾಯಿತು. ನಮ್ಮ ದೇಶದಲ್ಲಿ 2007ರಲ್ಲಿ ಬಜಾಜ್ ಕಂಪನಿ ಎರಡು ಸ್ಟ್ರೋಕಿನ ಆಟೋರಿಕ್ಷಾಕ್ಕೆ ನೇರ ಇಂಜೆಕ್ಷನ್ ಅಳವಡಿಸಿದ್ದುಂಟು. ಡರ್ಟ್ ಬೈಕಿನ ಮಟ್ಟಿಗೆ ಹಾದಿ ತೆರೆದದ್ದು ಆಸ್ಟ್ರಿಯದ ಮಾಟಿಗ್‌ಹೋಫೆನ್ ಊರಿನ ಕೆ.ಟಿ.ಎಂ. ಕಂಪನಿ, 2017ರಲ್ಲಿ ಅದು 250 ಮತ್ತು 300 ಸಿ.ಸಿ.ಯ ಎರಡು ಗಾಡಿಗಳನ್ನು ಹೊರತಂದಿತು. ಇದೇ ಕಂಪನಿಯಲ್ಲಿ ಪುಣೆಯ ಬಜಾಜಿನವರು 2007ರಿಂದ ಪಾಲುದಾರರು, 2025ರಲ್ಲಿ ಅದರ ಆಡಳಿತವೇ ಅವರ ಕೈಗೆ ಬಂದಿತು ಎಂಬುದು ನಮ್ಮ ಪುಣೆಯವರಿಗೆ ತಿಳಿದ ವಿಷಯ.

ಈ ಗಾಡಿಯಲ್ಲಿ ಪೆಟ್ರೋಲಿನ ಪಯಣ ಹೀಗೆ. ಟ್ಯಾಂಕಿನೊಳಗೇ ಒಂದು ವಿದ್ಯುತ್ ಪಂಪು ಮುಳುಗಿ ಕುಳಿತಿದೆ. ಅದು ಪೆಟ್ರೋಲನ್ನು ವಾತಾವರಣದ ಒತ್ತಡದ ಮೂರು ಪಟ್ಟಿಗೂ ಮಿಕ್ಕ ಒತ್ತಡದಲ್ಲಿ ಕೊಳವೆಗೆ ನೂಕುತ್ತದೆ. ನಡುವೆ ಶೋಧಿಸುವ ಫಿಲ್ಟರುಗಳು. ಸಿಲಿಂಡರಿನ ಪಕ್ಕದ ಗಾಳಿದಾರಿಗಳಲ್ಲಿ ಎರಡು ಇಂಜೆಕ್ಟರುಗಳು. (2024ರ ಮಾದರಿಯಿಂದ ಇವು ಥ್ರಾಟಲ್ ಬಾಡಿಗೆ ಸ್ಥಳಾಂತರಗೊಂಡಿವೆ.) ಆಯಿಲನ್ನು ಪೆಟ್ರೋಲಿಗೆ ಬೆರೆಸುವ ಹಳೆಯ ಕೆಲಸವಿಲ್ಲ, ಅದಕ್ಕೆ ಬೇರೆ ಟ್ಯಾಂಕು, ಬೇರೆ ಪಂಪು. ಸೀಟಿನ ಕೆಳಗೆ ಒಂದು ಪುಟ್ಟ ಕಂಪ್ಯೂಟರು. ಗಾಳಿಯ ಒತ್ತಡ, ಗಾಳಿಯ ಉಷ್ಣತೆ, ತಂಪುನೀರಿನ ಉಷ್ಣತೆ, ಸವಾರ ಎಷ್ಟು ಆಕ್ಸಿಲರೇಟರ್ ತಿರುವಿದ್ದಾನೆ ಎಂಬುದು, ಎಲ್ಲವನ್ನೂ ಸೆನ್ಸರುಗಳ ಮೂಲಕ ಕೇಳಿ ತಿಳಿದು, ಇಂಜೆಕ್ಟರನ್ನು ಎಷ್ಟು ಮಿಲಿಸೆಕೆಂಡು ತೆರೆದಿಡಬೇಕೆಂದು ಅದು ತೀರ್ಮಾನಿಸುತ್ತದೆ. ಬೆಟ್ಟ ಹತ್ತಿದಂತೆ ಗಾಳಿ ತೆಳುವಾದರೆ ತಾನೇ ಪೆಟ್ರೋಲು ಕಡಿಮೆ ಮಾಡುತ್ತದೆ. ಜೆಟ್ ಬದಲಾಯಿಸುವ ತಾಪತ್ರಯವಿಲ್ಲ.

ಸುಖ ದೊಡ್ಡದು, ರೋಗ ಬಂದಾಗಿನ ಕಷ್ಟವೂ ದೊಡ್ಡದು. ಈ ಕಂಪ್ಯೂಟರು ಒತ್ತಡ ಸರಿಯಾಗಿದೆ ಎಂದು ನಂಬಿಕೊಂಡು ಲೆಕ್ಕ ಹಾಕುತ್ತದೆ. ಕೊಳವೆಯಲ್ಲಿನ ಪೆಟ್ರೋಲಿನ ಒತ್ತಡವನ್ನು ಅಳೆದು ಅದಕ್ಕೆ ವರದಿ ಮಾಡುವ ಸೆನ್ಸರು ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಫಿಲ್ಟರು ಕಟ್ಟಿಕೊಂಡರೆ, ಪಂಪು ಸೊರಗಿದರೆ, ಕಂಪ್ಯೂಟರಿಗೆ ಅದರ ಸುದ್ದಿಯೇ ಇಲ್ಲ. ದೋಷಸೂಚಕ ದೀಪ ಹತ್ತುವುದೇ ಇಲ್ಲ. ಅರ್ಜಿಯ ಮೇಲೆ ಸಹಿ ಮಾಡಿದ ಅಧಿಕಾರಿ ಕೆಲಸ ನಡೆದಿದೆ ಎಂದುಕೊಂಡಿರುತ್ತಾನಲ್ಲ, ಹಾಗೆ. ದೀಪ ಹತ್ತಿದರೂ ಅದು ಹೇಳುವುದು ಇಂಥ ಸೆನ್ಸರಿನ ಸಂಕೇತ ಮಿತಿ ಮೀರಿದೆ ಎಂದಷ್ಟೆ. ಸೆನ್ಸರು ಕೆಟ್ಟಿದೆಯೋ, ಅದರ ತಂತಿ ಉಜ್ಜಿ ಹರಿದಿದೆಯೋ, ಬ್ಯಾಟರಿ ಬಡವಾಗಿದೆಯೋ ಎಂಬುದನ್ನು ಮನುಷ್ಯನೇ ಹುಡುಕಬೇಕು.

‘ಪೆಟ್ರೋಲು ತಲುಪುತ್ತಿಲ್ಲ’ ಎಂಬ ಒಂದೇ ಲಕ್ಷಣಕ್ಕೆ ಎಷ್ಟು ಕಾರಣಗಳು! ಬ್ಯಾಟರಿ ದುರ್ಬಲವಾದರೆ ಪಂಪು ಒತ್ತಡ ಕಟ್ಟುವುದಿಲ್ಲ. ಅರ್ಥ್ ತಂತಿಯ ತಿರುಪು ಸಡಿಲವಾದರೂ ಅದೇ ಫಲ. ನಮ್ಮ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಇದೆ. ಅದು ತೇವವನ್ನು ಹೀರುವ ಗುಣದ್ದು. ಗಾಡಿಯನ್ನು ಮಳೆಗಾಲವಿಡೀ ನಿಲ್ಲಿಸಿಟ್ಟರೆ ನೀರು ಬೇರ್ಪಟ್ಟು ಟ್ಯಾಂಕಿನ ತಳ ಸೇರಬಹುದು, ಪಂಪು ಹೀರುವುದು ತಳದಿಂದಲೇ. ಇನ್ನು ಫಿಲ್ಟರು, ಇಂಜೆಕ್ಟರಿನ ಬಾಯಿ, ಮಡಚಿಕೊಂಡ ಕೊಳವೆ. ಪ್ಲಗ್ಗು ಕೆಟ್ಟಿದ್ದರೂ ನೋಡುವವರಿಗೆ ಪೆಟ್ರೋಲಿನ ದೋಷದಂತೆಯೇ ಕಾಣುವುದುಂಟು. ಎಲ್ಲಕ್ಕಿಂತ ಬಡಪಾಯಿಯಾದ ಇನ್ನೊಂದು ವಸ್ತುವಿದೆ: ಟ್ಯಾಂಕಿನ ಮುಚ್ಚಳದಿಂದ ಹೊರಡುವ ಗಾಳಿಯ ನಳಿಕೆ. ಪೆಟ್ರೋಲು ಖಾಲಿಯಾದಂತೆ ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಗಾಳಿ ಒಳಗೆ ಬರಬಹುದು, ಪೆಟ್ರೋಲು ಹೊರಗೆ ಚೆಲ್ಲಬಾರದು ಎಂದು ಅದರೊಳಗೊಂದು ಏಕಮುಖ ವಾಲ್ವು. ಅದು ಕೆಸರಿನಿಂದ ಮುಚ್ಚಿದರೆ ಟ್ಯಾಂಕಿನೊಳಗೆ ನಿರ್ವಾತ ಕಟ್ಟಿಕೊಳ್ಳುತ್ತದೆ. ಪಂಪು ಎಷ್ಟು ಸೆಳೆದರೂ ಪೆಟ್ರೋಲು ಬಾರದು. ಡಬ್ಬಿಯ ಎಣ್ಣೆಗೆ ಒಂದೇ ತೂತು ಮಾಡಿದರೆ ಸುರಿಯುವುದಿಲ್ಲ, ಎರಡು ಮಾಡಬೇಕು ಎಂದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತಿರುವ ಭೌತಶಾಸ್ತ್ರವೇ ಇದು.

ಈಗ ನಾನು ಕಣ್ಣಾರೆ ಕಂಡ ಒಂದು ಪ್ರಸಂಗ. ನಮ್ಮ ಮನೆಯ ಹತ್ತಿರ ವಿಜಯಪುರದ ಕಡೆಯ ಮಿಸ್ತ್ರಿಯೊಬ್ಬರ ಗ್ಯಾರೇಜಿದೆ. ಯೆಜ್ಡಿ, ಆರ್‌ಎಕ್ಸ್ 100ಗಳ ಕಾಲದಿಂದ ಕೈ ಪಳಗಿದವರು. ರವಿವಾರಗಳಲ್ಲಿ ಅಲ್ಲಿ ಕುಳಿತು ನಮ್ಮ ಕಡೆಯ ಮಾತು ಕೇಳುವುದು ನನಗೊಂದು ಸಂತೋಷ. ಅಲ್ಲಿಗೆ ಒಬ್ಬ ಯುವ ಎಂಜಿನಿಯರು ಪರದೇಶದಿಂದ ತರಿಸಿದ ಇಂಥದೊಂದು ಡರ್ಟ್ ಬೈಕನ್ನು ತಂದ. ಯಾವ ಕಂಪನಿಯದೆಂಬುದು ಇಲ್ಲಿ ಅಪ್ರಸ್ತುತ, ದೋಷ ಕಂಪನಿಯದಾಗಿರಲಿಲ್ಲ. ಗಾಡಿ ತಣ್ಣಗಿದ್ದಾಗ ಚೆನ್ನಾಗಿ ಹೊರಡುವುದು. ಇಪ್ಪತ್ತು ನಿಮಿಷ ಓಡಿದ ಮೇಲೆ ಗುಟುಕು ಜೀವ ಹಿಡಿದಂತೆ ಮಾಡಿ ನಿಲ್ಲುವುದು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊರಡುವುದು. ಸಹ್ಯಾದ್ರಿಯ ಘಟ್ಟಗಳಲ್ಲಿ ಒಬ್ಬನೇ ತಿರುಗುವ ಹುಡುಗ. ಸಂಜೆ ಹೊತ್ತು, ಮೊಬೈಲಿಗೆ ಸಿಗ್ನಲ್ ಇಲ್ಲದ ಕಣಿವೆಯಲ್ಲಿ ಎರಡು ಸಲ ಹೀಗಾಗಿತ್ತು.

ಬಿಸಿಯಾದಾಗ ಪಂಪು ಸೋಲುತ್ತಿದೆ ಎಂದು ಮಿಸ್ತ್ರಿಯವರ ಊಹೆ. ಅಸಂಗತವಾದ ಊಹೆಯಲ್ಲ. ಹೊಸ ಪಂಪು ಹೊರದೇಶದಿಂದ ಬರುವುದಕ್ಕೆ ಮೂರು ವಾರ ಹಿಡಿಯಿತು. ಬೆಲೆಯನ್ನು ಇಲ್ಲಿ ಬರೆದರೆ ನನ್ನ ದರ್ಜೆಯ ನೌಕರರ ಮನೆಗಳಲ್ಲಿ ಅಸಮಾಧಾನವಾದೀತು. ಪಂಪು ಕೂಡಿಸಿದರು, ಗಾಡಿ ಒಂದು ತಾಸು ನಿಲ್ಲದೆ ಓಡಿತು. ಎಲ್ಲರಿಗೂ ಸಂತೋಷ. ಆದರೆ ಪಂಪು ತೆಗೆಯಲು ಟ್ಯಾಂಕು ಇಳಿಸಿದಾಗ, ಕೆಲಸ ಕಲಿಯಲು ಬಂದಿದ್ದ ಅವರ ಅಕ್ಕನ ಮಗ ಕೆಸರು ಮೆತ್ತಿದ್ದ ಗಾಳಿಯ ನಳಿಕೆಯನ್ನು ವಾಲ್ವಿನ ಸಮೇತ ಕಿತ್ತು ಬದಿಗೆಸೆದು ಹೊಸದೊಂದನ್ನು ಸಿಕ್ಕಿಸಿದ್ದ. ಅದಕ್ಕೆ ಯಾರೂ ಬೆಲೆ ಕೊಟ್ಟಿರಲಿಲ್ಲ. ಮಾತಿಗೆ ಮಾತು ಬಂದು ಹುಡುಗ ಅದನ್ನು ಹೇಳಿದಾಗ ಮಿಸ್ತ್ರಿಯವರ ಮುಖ ಸ್ವಲ್ಪ ಗಂಭೀರವಾಯಿತು.

ಎರಡು ವಸ್ತು ಬದಲಾಗಿದೆ, ಗಾಡಿ ಸರಿಯಾಗಿದೆ. ಯಾವುದರಿಂದ? ‘ಹಳೆಯ ಪಂಪು ಮತ್ತೆ ಹಾಕಿ ನೋಡಿದರೆ ತಿಳಿಯುತ್ತದಲ್ಲ’ ಎಂದೆ. ಅವರು ನಕ್ಕರು.

"ಸಾಹೇಬ್ರ, ಗಿರಾಕಿಗೆ ಗಾಡಿ ಬೇಕ್ರಿ, ಕಾರಣ ಬ್ಯಾಡ. ಹಳೇ ಪಂಪ್ ಹಾಕಿ ನೋಡೂದಂದ್ರ ಮತ್ತ ಎರಡು ತಾಸಿನ ಕೆಲಸ. ಅದರ ಮ್ಯಾಲ ಅದು ಓಡೇ ಬಿಟ್ರ, ಈ ಹೊಸಾದರ ರೊಕ್ಕ ಯಾವ ಮಾರಿ ಇಟಗೊಂಡು ಕೇಳ್ಲಿ?"

ಪ್ರಾಮಾಣಿಕವಾದ ಮಾತು. ನಾನು ಓದಿದ ನೀತಿಶಾಸ್ತ್ರದ ಪುಸ್ತಕಗಳಲ್ಲಿ ಸಮಸ್ಯೆಯನ್ನು ಇಷ್ಟು ಸ್ಪಷ್ಟವಾಗಿ ಇಟ್ಟವರು ಕಡಿಮೆ. ಇಲ್ಲಿ ಸುಳ್ಳು ಯಾವುದೂ ಇಲ್ಲ. ಪಂಪು ಕೆಟ್ಟಿತ್ತೆಂದು ಮಿಸ್ತ್ರಿಯವರು ನಂಬಿದ್ದರು. ಮೋಸವೂ ಇಲ್ಲ. ಇರುವುದು ಇಷ್ಟೆ: ತಿಳಿಯದೆ ಇರುವುದು ಲಾಭಕರ, ತಿಳಿದುಕೊಳ್ಳುವುದಕ್ಕೆ ಎರಡು ತಾಸಿನ ದುಡಿಮೆ ಮತ್ತು ಒಂದು ಪಂಪಿನ ಬೆಲೆ.

ನಮ್ಮ ನೈಯಾಯಿಕರು ಈ ಪೇಚನ್ನು ಬಹಳ ಹಿಂದೆಯೇ ಕಂಡಿದ್ದರು. ಕಾರ್ಯಕ್ಕಿಂತ ಮುಂಚೆ ತಪ್ಪದೆ ಇರುವುದು ಕಾರಣ ಎಂದಷ್ಟೇ ಹೇಳಿದರೆ ಸಾಲದು ಎಂದು ಅವರಿಗೆ ಗೊತ್ತಿತ್ತು. ಮಡಕೆ ಹುಟ್ಟುವುದಕ್ಕೆ ಮುಂಚೆ ಕುಂಬಾರನಿದ್ದ, ಚಕ್ರವಿತ್ತು, ಕೋಲಿತ್ತು, ಮಣ್ಣಿತ್ತು. ಆ ಮಣ್ಣು ಹೊತ್ತು ತಂದ ಕತ್ತೆಯೂ ಇತ್ತು. ಕುಂಬಾರನ ತಂದೆಯೂ ಒಂದು ಕಾಲಕ್ಕೆ ಇದ್ದ. ಕೋಲಿಗೊಂದು ಬಣ್ಣವೂ ಇತ್ತು. ಇವೆಲ್ಲ ಮಡಕೆಗೆ ಕಾರಣವೆ? ವಿಶ್ವನಾಥ ಪಂಚಾನನನ ‘ಭಾಷಾಪರಿಚ್ಛೇದ’ದಲ್ಲಿ ಇಂಥವನ್ನೆಲ್ಲ ‘ಅನ್ಯಥಾಸಿದ್ಧ’ ಎಂದು ಐದು ಬಗೆಯಾಗಿ ವಿಂಗಡಿಸಿ ಬದಿಗಿಟ್ಟಿದ್ದಾರೆ. ಕತ್ತೆಯಿಲ್ಲದೆ ಬೇರೆ ಗಾಡಿಯಲ್ಲಿ ಮಣ್ಣು ತಂದರೂ ಮಡಕೆ ಆಗುತ್ತದೆ. ಆದ್ದರಿಂದ ಕತ್ತೆ ಸ್ಥಳದಲ್ಲಿದ್ದರೂ ಕಾರಣವಲ್ಲ. ಇದನ್ನು ತಿಳಿಯುವ ಬಗೆ ಅನ್ವಯ ಮತ್ತು ವ್ಯತಿರೇಕ: ಇದ್ದಾಗ ಇದೆಯೆ, ಇಲ್ಲದಾಗ ಇಲ್ಲವೆ ಎಂದು ಎರಡೂ ಕಡೆಯಿಂದ ನೋಡುವುದು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರ ತನ್ನ ತರ್ಕಗ್ರಂಥದಲ್ಲಿ, ಉಳಿದುದೆಲ್ಲ ಒಂದೇ ಇದ್ದು ಒಂದು ಮಾತ್ರ ಬೇರೆಯಾದಾಗ ಫಲವೂ ಬೇರೆಯಾದರೆ ಆ ಒಂದರ ಮೇಲೆ ಬೆರಳಿಡಬಹುದು ಎಂದು ಹೇಳಿದ್ದೂ ಹತ್ತಿರದ ಮಾತೇ. ಮಿಸ್ತ್ರಿಯವರ ಗ್ಯಾರೇಜಿನಲ್ಲಿ ಅನ್ವಯವಾಗಿತ್ತು, ವ್ಯತಿರೇಕ ಆಗಬೇಕಿತ್ತು. ಹೊಸ ಪಂಪು ಕುಂಬಾರನೋ ಕತ್ತೆಯೋ ತೀರ್ಮಾನವಾಗಿರಲಿಲ್ಲ.

ತೀರ್ಮಾನದ ದಾರಿ ತೋರಿಸಿದ್ದು ಆ ಹುಡುಗನೇ. "ಪಂಪ್ ಯಾಕ ಬಿಚ್ಚೂದು ಮಾಮಾ, ಹಳೇ ನಳಿಗಿನ ಹಾಕಿ ನೋಡೂಣು" ಎಂದ. ನನಗೆ ಹೊಳೆಯದ ಮಾತು ಅದು. ಎರಡರಲ್ಲಿ ದುಬಾರಿಯಾದದ್ದನ್ನೇ ಹಿಂದಕ್ಕೆ ಹಾಕಬೇಕೆಂದಿಲ್ಲ. ಅಗ್ಗದ್ದನ್ನು ಹಾಕಿದರೂ ಪರೀಕ್ಷೆ ಪರೀಕ್ಷೆಯೇ. ಐದು ನಿಮಿಷದ ಕೆಲಸ. ಕೆಸರಿನ ನಳಿಕೆಯನ್ನು ಕಸದಿಂದ ಹೆಕ್ಕಿ ಮತ್ತೆ ಸಿಕ್ಕಿಸಿ, ಹೊಸ ಪಂಪಿನ ಗಾಡಿಯನ್ನು ಹತ್ತಿರದ ಬಯಲಿನಲ್ಲಿ ಓಡಿಸಿದರು. ಇಪ್ಪತ್ತು ನಿಮಿಷ ದಾಟಿದ ಮೇಲೆ ಗಾಡಿ ಹಳೆಯ ರಾಗ ತೆಗೆದು ನಿಂತಿತು. ಮುಚ್ಚಳ ತಿರುವಿದರೆ ಸುಯ್ಯೆಂದು ಗಾಳಿ ಒಳಕ್ಕೆ ನುಗ್ಗಿತು. ಗಾಡಿ ತಕ್ಷಣ ಹೊರಟಿತು.

ಇಷ್ಟರಿಂದ ಏನು ಸಿದ್ಧವಾಯಿತು? ನಳಿಕೆ ಕಟ್ಟಿಕೊಂಡರೆ ಎಂಥ ಪಂಪಿದ್ದರೂ ಗಾಡಿ ನಿಲ್ಲುತ್ತದೆ ಎಂದು. ಹಳೆಯ ಪಂಪು ನಿರ್ದೋಷಿ ಎಂದು ಇನ್ನೂ ಸಿದ್ಧವಾಗಲಿಲ್ಲ, ಎರಡೂ ಕೆಟ್ಟಿರಬಹುದಲ್ಲ. ಕುತೂಹಲ ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಮರುದಿನ ಮಿಸ್ತ್ರಿಯವರು ತಾವಾಗಿಯೇ ಹಳೆಯ ಪಂಪು ಕೂಡಿಸಿ, ಹೊಸ ನಳಿಕೆಯಿಟ್ಟು, ಒತ್ತಡದ ಮಾಪಕ ಹಚ್ಚಿ ನೋಡಿದರು. ಒತ್ತಡ ಪೂರ್ಣ ಬಂದಿತು. ಗಾಡಿ ಎರಡು ತಾಸು ಓಡಿತು. ಪೆಟ್ಟಿಗೆ ಒಡೆದ ಪಂಪನ್ನು ಮಾರಿದವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಪಂಪು ಗ್ಯಾರೇಜಿನ ಕಪಾಟು ಸೇರಿತು. ಅದರ ಬೆಲೆಯಲ್ಲಿ ಅರ್ಧವನ್ನು ಹುಡುಗ ಕೊಟ್ಟ, ಅರ್ಧವನ್ನು ಮಿಸ್ತ್ರಿ ನುಂಗಿಕೊಂಡರು. ಆದರೆ ಎರಡೂ ದಿನಗಳ ದುಡಿಮೆಯ ಹಣವನ್ನು ಬಿಡಿಗಾಸು ಬಿಡದೆ ವಸೂಲು ಮಾಡಿದರು. ಎಂಜಿನಿಯರು ಸ್ವಲ್ಪ ಮುಖ ಗಂಟಿಕ್ಕಿದ. ನನ್ನ ಮಟ್ಟಿಗೆ ಮಿಸ್ತ್ರಿಯವರದೇ ನ್ಯಾಯ. ಎರಡನೆಯ ದಿನದ ದುಡಿಮೆಯಿಂದ ಗಾಡಿಗೆ ಹೊಸದೇನೂ ಸೇರಲಿಲ್ಲ ನಿಜ. ಅದರಿಂದ ದೊರೆತದ್ದು ಕಾರಣ. ಘಟ್ಟದಲ್ಲಿ ಇನ್ನೊಮ್ಮೆ ನಿಂತರೆ ಮುಚ್ಚಳ ತೆರೆದು ನೋಡಬೇಕೆಂಬ ತಿಳಿವಳಿಕೆಗೆ ಬೆಲೆ ಇಲ್ಲವೆಂದರೆ ಹೇಗೆ?

‘ಗಾಡಿ ಓಡಿತಲ್ಲ, ಇನ್ನೇನು?’ ಎಂಬ ವಾದಕ್ಕೆ ಉತ್ತರ ಬರೆದವನು ಡಬ್ಲ್ಯು. ಕೆ. ಕ್ಲಿಫರ್ಡ್. ಮೂವತ್ತಮೂರನೆಯ ವಯಸ್ಸಿಗೇ ತೀರಿಕೊಂಡ ಇಂಗ್ಲೆಂಡಿನ ಗಣಿತಜ್ಞ. 1877ರಲ್ಲಿ ನಂಬಿಕೆಯ ನೀತಿಯನ್ನು ಕುರಿತು ಅವನು ಬರೆದ ಪ್ರಬಂಧದಲ್ಲಿ ಹಡಗಿನ ಯಜಮಾನನೊಬ್ಬ ಬರುತ್ತಾನೆ. ಹಡಗು ಹಳತಾಗಿದೆ ಎಂಬ ಸಂಶಯ ಅವನಿಗಿತ್ತು. ರಿಪೇರಿಗೆ ಖರ್ಚು. ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬಂದೀತು, ದೇವರಿದ್ದಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು, ಕೊನೆಗೆ ಪ್ರಾಮಾಣಿಕವಾಗಿಯೇ ನಂಬಿ, ಪ್ರಯಾಣಿಕರನ್ನು ಹತ್ತಿಸಿ ಕಳುಹಿಸಿದ. ಹಡಗು ಮುಳುಗಿತು, ಅವನು ವಿಮೆಯ ಹಣ ಪಡೆದ. ಅವನು ತಪ್ಪಿತಸ್ಥ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಕ್ಲಿಫರ್ಡನ ಸೂಕ್ಷ್ಮ ಇರುವುದು ಮುಂದಿನ ಹೆಜ್ಜೆಯಲ್ಲಿ: ಹಡಗು ಸುರಕ್ಷಿತವಾಗಿ ದಡ ಸೇರಿದ್ದರೂ ಅವನ ತಪ್ಪು ಎಳ್ಳಷ್ಟೂ ಕಡಿಮೆಯಾಗುತ್ತಿರಲಿಲ್ಲ. ಏಕೆಂದರೆ ಹಾಗೆ ನಂಬುವ ಅಧಿಕಾರವನ್ನು ಅವನು ಪರೀಕ್ಷೆಯಿಂದ ಸಂಪಾದಿಸಿರಲಿಲ್ಲ, ಸಂಶಯವನ್ನು ಕತ್ತು ಹಿಸುಕಿ ಪಡೆದಿದ್ದ.

ಇದು ಅತಿಯಾಯಿತು ಎನ್ನುವವರಿದ್ದಾರೆ. ವಿಲಿಯಂ ಜೇಮ್ಸ್ 1896ರಲ್ಲಿ ಕ್ಲಿಫರ್ಡನಿಗೆ ಉತ್ತರ ಕೊಡುತ್ತ, ಬದುಕಿನಲ್ಲಿ ಕೆಲವು ನಿರ್ಧಾರಗಳು ಸಾಕ್ಷ್ಯ ಕೂಡಿಬರುವವರೆಗೆ ಕಾಯುವುದಿಲ್ಲ ಎಂದು ವಾದಿಸಿದ. ಅದೂ ನಿಜ. ಆಸ್ಟ್ರಿಯದ ಎರ್ಜ್‌ಬೆರ್ಗ್ ಎಂಬ ಕಬ್ಬಿಣದ ಗಣಿಯ ಬೆಟ್ಟದಲ್ಲಿ 1995ರಿಂದ ನಡೆಯುತ್ತಿರುವ ಸ್ಪರ್ಧೆಯ ಕೊನೆಯ ಸುತ್ತಿನಲ್ಲಿ 500 ಸವಾರರು, ಇರುವ ಕಾಲ ನಾಲ್ಕು ತಾಸು, ಮುಗಿಸುವವರು ಬೆರಳೆಣಿಕೆಯಷ್ಟು ಜನ. ಅಲ್ಲಿ ಗಾಡಿ ನಿಂತಾಗ ಪ್ಲಗ್ಗನ್ನೂ ಫಿಲ್ಟರನ್ನೂ ಒಟ್ಟಿಗೆ ಬದಲಾಯಿಸಿ ಹೊರಟವನನ್ನು, ನೀನು ವ್ಯತಿರೇಕ ನೋಡಲಿಲ್ಲ ಎಂದು ತಡೆದು ನಿಲ್ಲಿಸುವುದು ಮೂರ್ಖತನ. ಜ್ವರದ ರೋಗಿಗೆ ಎರಡು ಔಷಧಿ ಕೂಡಿಸಿ ಕೊಟ್ಟು ಗುಣಪಡಿಸಿದ ವೈದ್ಯರು, ಯಾವುದರಿಂದ ಗುಣವಾಯಿತೆಂದು ತಿಳಿಯಲು ಜ್ವರ ಮತ್ತೆ ಬರಿಸುವುದಿಲ್ಲ. ತಿಳಿಯುವ ಕರ್ತವ್ಯ ಎಲ್ಲ ಕಡೆಯೂ ಎಲ್ಲ ಹೊತ್ತಿನಲ್ಲೂ ಇದೆ ಎಂದು ನಾನು ಹೇಳುವುದಿಲ್ಲ.

ಆದರೆ ಎರ್ಜ್‌ಬೆರ್ಗಿನ ಸವಾರ ಯಾರ ಮೇಲೂ ಬಿಲ್ಲು ಹಾಕುತ್ತಿಲ್ಲ. ‘ಇದೇ ಕಾರಣ’ ಎಂದು ಘೋಷಿಸುತ್ತಲೂ ಇಲ್ಲ. ಮುಂದೆ ಹೋಗುತ್ತಿದ್ದಾನೆ, ಅಷ್ಟೆ. ನನ್ನ ದೃಷ್ಟಿಯಲ್ಲಿ ಗೆರೆ ಇರುವುದು ಇಲ್ಲಿ. ನನ್ನ ಅಜ್ಞಾನದ ಖರ್ಚನ್ನು ನಾನೇ ಹೊರುವುದಾದರೆ ಅದು ನನ್ನ ಇಷ್ಟ. ಆ ಖರ್ಚು ಇನ್ನೊಬ್ಬನ ಕಿಸೆಗೋ ಜೀವಕ್ಕೋ ಹೆಸರಿಗೋ ಬೀಳುವುದಾದರೆ, ಪರೀಕ್ಷಿಸಬೇಕು. ಪರೀಕ್ಷಿಸಲಾಗದಿದ್ದರೆ ‘ಎರಡು ಬದಲಾಯಿಸಿದೆ, ಯಾವುದೆಂದು ತಿಳಿಯದು’ ಎಂದಾದರೂ ಹೇಳಬೇಕು. ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚು ಬರೆಯುವುದಕ್ಕೆ ಎರಡು ತಾಸು ಬೇಡ.

ಜೀವದ ಮಾತು ಹೇಳಿದೆ, ಅದು ಅಲಂಕಾರಕ್ಕಲ್ಲ. ಪೆಟ್ರೋಲು ಕಡಿಮೆಯಾದ ಎರಡು ಸ್ಟ್ರೋಕಿನ ಎಂಜಿನ್ನು ನಿಲ್ಲುವುದಕ್ಕೆ ಮುಂಚೆ ವಿಪರೀತ ಬಿಸಿಯಾಗುತ್ತದೆ. ಪಿಸ್ಟನ್ನು ಹಿಗ್ಗಿ ಸಿಲಿಂಡರಿಗೆ ಕಚ್ಚಿಕೊಂಡರೆ ಹಿಂದಿನ ಚಕ್ರ ಒಮ್ಮೆಲೆ ಬಿಗಿಯುತ್ತದೆ. ಹಳೆಯ ಗಾಡಿಗಳಲ್ಲಿ ಆಯಿಲು ಪೆಟ್ರೋಲಿನೊಡನೆಯೇ ಬರುತ್ತಿದ್ದುದರಿಂದ ಪೆಟ್ರೋಲು ಕಡಿಮೆಯಾದರೆ ಆಯಿಲೂ ಕಡಿಮೆ. ಆಯಿಲು ಬೇರೆಯಾಗಿ ಬರುವ ಗಾಡಿಗಳಲ್ಲಿ ಆ ಒಂದು ಅಪಾಯ ತಗ್ಗಿದೆ. ಬಿಸಿಯ ಅಪಾಯ ತಗ್ಗಿಲ್ಲ.

ಇದೆಲ್ಲ ಗ್ಯಾರೇಜಿನ ಮಾತಾಯಿತು ಎಂದು ವಾಚಕರು ಪುಟ ತಿರುವಬಾರದು. ನಾವೆಲ್ಲ ದಿನವೂ ಪಂಪು ಬದಲಾಯಿಸುವವರೇ. ಒಂದು ಊರಿನ ಒಂದು ಸಂಘದಲ್ಲಿ (ನಮ್ಮದಲ್ಲವೆಂದು ತಿಳಿಯಬೇಕಾಗಿ ವಿನಂತಿ) ರಾಜ್ಯೋತ್ಸವಕ್ಕೆ ಜನ ಬರುತ್ತಿರಲಿಲ್ಲ. ಕಾರ್ಯದರ್ಶಿಯನ್ನು ಬದಲಾಯಿಸಿದರು. ಆ ವರ್ಷವೇ ಕಾರ್ಯಕ್ರಮವನ್ನು ರವಿವಾರ ಬೆಳಗಿನಿಂದ ಶನಿವಾರ ಸಂಜೆಗೆ ಹಾಕಿ, ಊಟವನ್ನೂ ಸೇರಿಸಿದರು. ಸಭಾಂಗಣ ತುಂಬಿತು. ಹಾರ ಬಿದ್ದದ್ದು ಹೊಸ ಕಾರ್ಯದರ್ಶಿಯ ಕೊರಳಿಗೆ. ಬಿಸಿಬೇಳೆ ಭಾತಿನ ಪಾಲೆಷ್ಟು ಎಂದು ಯಾರೂ ಕೇಳಲಿಲ್ಲ. ಇಲ್ಲಿ ನಷ್ಟ ದೊಡ್ಡದಲ್ಲ. ಹಳೆಯ ಕಾರ್ಯದರ್ಶಿಗಳು ಮನೆಯಲ್ಲಿ ಸ್ವಲ್ಪ ದಿನ ಮುನಿಸಿಕೊಂಡಿದ್ದರು.

ಕಚೇರಿಯಲ್ಲಿ ಹಾಗಲ್ಲ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯ ಪಕ್ಕದ ಶಾಖೆಯಲ್ಲಿ ಪತ್ರಗಳು ವಾರಗಟ್ಟಲೆ ತಡವಾಗುತ್ತಿದ್ದವು. ಒಳಬರುವ ಟಪಾಲನ್ನು ದಾಖಲಿಸುವ ಗುಮಾಸ್ತರೊಬ್ಬರಿದ್ದರು. ಮಾತು ಕಡಿಮೆ, ಕೈ ನಿಧಾನ; ಐವತ್ತು ದಾಟಿದವರು. ದೂರುಗಳು ಹೆಚ್ಚಾದಾಗ ಅವರನ್ನು ಬೇರೆ ಊರಿಗೆ ವರ್ಗ ಮಾಡಿದರು. ವಿಳಂಬ ನಿಂತಿತು. ಅದೇ ತಿಂಗಳು ಆ ಶಾಖೆಯ ಟಪಾಲು ದಾಖಲೆ ದಪ್ಪ ರಿಜಿಸ್ಟರಿನಿಂದ ಕಂಪ್ಯೂಟರಿಗೆ ಬದಲಾಗಿತ್ತು. ಮೂರು ಮೇಜು ದಾಟಬೇಕಿದ್ದ ಕಾಗದ ಒಂದೇ ಮೇಜಿಗೆ ಬರತೊಡಗಿತ್ತು. ಎರಡು ವಸ್ತು ಒಟ್ಟಿಗೆ ಬದಲಾಗಿದ್ದವು. ಎಲ್ಲರೂ ಮನುಷ್ಯನನ್ನು ಕಂಡರು, ಏಕೆಂದರೆ ಮನುಷ್ಯನ ಮೇಲೆ ಮೊದಲೇ ಕಣ್ಣಿತ್ತು. ರೋಗಲಕ್ಷಣಕ್ಕೆ ಮೊದಲೇ ಒಂದು ಹೆಸರಿಟ್ಟುಬಿಟ್ಟರೆ ಆಗುವುದು ಹೀಗೆಯೇ.

ಪಂಪನ್ನು ಮತ್ತೆ ಕೂಡಿಸಿ ನೋಡಬಹುದು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮನೆ ಬದಲಿಸಿ ಹೋದ ಮನುಷ್ಯನನ್ನು ಒಂದು ವಾರದ ಪರೀಕ್ಷೆಗಾಗಿ ಮರಳಿ ಕರೆಸಲು ಯಾವ ನಿಯಮವೂ ಇಲ್ಲ. ಅವರಿಗೆ ಮಗಳ ಹನ್ನೆರಡನೆಯ ತರಗತಿಯ ವರ್ಷವಾಗಿತ್ತು. ಹೊಸ ಊರಿನ ಕಚೇರಿಗೆ ಅವರು ತಲುಪುವುದಕ್ಕೆ ಮುಂಚೆಯೇ ‘ಫೈಲು ಕೂರಿಸುವವರು’ ಎಂಬ ಮಾತು ತಲುಪಿತ್ತು ಎಂದು ಆಮೇಲೆ ಅಲ್ಲಿಂದ ಬಂದವರೊಬ್ಬರು ಹೇಳಿದರು. ಗಮನಿಸಬೇಕಾದದ್ದೆಂದರೆ ಇಲ್ಲಿಯೂ ಯಾರೂ ಸುಳ್ಳು ಹೇಳಲಿಲ್ಲ, ದ್ವೇಷ ಸಾಧಿಸಲಿಲ್ಲ. ವರ್ಗದ ಆದೇಶ ನಿಯಮಬದ್ಧವಾಗಿತ್ತು. ಬಹುಶಃ ಅವರ ಕೈಯೂ ನಿಜವಾಗಿ ನಿಧಾನವಾಗಿದ್ದೀತು. ಎರಡೂ ಕೆಟ್ಟಿರಬಹುದು ಎಂದು ಪಂಪಿನ ವಿಷಯದಲ್ಲಿ ಒಪ್ಪಿದವರು ಇಲ್ಲಿಯೂ ಒಪ್ಪಬೇಕು. ಆದರೆ ಒತ್ತಡದ ಮಾಪಕ ಹಚ್ಚಿ ನೋಡಿದವರಿಲ್ಲ. ಹಳೆಯ ರಿಜಿಸ್ಟರುಗಳು ಕಪಾಟಿನಲ್ಲೇ ಇದ್ದವು. ಕಾಗದ ಯಾವ ಮೇಜಿನಲ್ಲಿ ಎಷ್ಟು ದಿನ ಕುಳಿತಿತ್ತೆಂದು ತಾರೀಖು ಸಮೇತ ಅವುಗಳಲ್ಲಿತ್ತು. ಒಂದು ಮಧ್ಯಾಹ್ನ ಕುಳಿತು ಲೆಕ್ಕ ಹಾಕಿದ್ದರೆ ಮನುಷ್ಯನನ್ನು ಮರಳಿ ಕರೆಸದೆಯೇ ವ್ಯತಿರೇಕ ನೋಡಬಹುದಾಗಿತ್ತು.

ತ್ರೈಮಾಸಿಕ ವರದಿಯಲ್ಲಿ ಒಂದು ಸಾಲು ಬರೆದಿದ್ದರು: ಸಿಬ್ಬಂದಿಯ ಬದಲಾವಣೆಯಿಂದ ವಿಳಂಬ ನಿವಾರಣೆಯಾಗಿದೆ. ಕಂಪ್ಯೂಟರು ಕೂಡಿಸಿದ ತಾರೀಖು ಬೇರೊಂದು ಫೈಲಿನಲ್ಲಿ, ಖರೀದಿ ಶಾಖೆಯಲ್ಲಿದೆ. ಎರಡು ಫೈಲುಗಳ ನಡುವೆ ಒಂದು ಮೆಟ್ಟಿಲಸಾಲಿನ ದೂರ. ನಾನು ಆ ಕಚೇರಿಯಲ್ಲಿದ್ದಷ್ಟು ಕಾಲ ಅವೆರಡೂ ಒಂದೇ ಮೇಜಿನ ಮೇಲೆ ಬಂದದ್ದಿಲ್ಲ.